ಕಳಸದ ಸೀಮೆಯಲ್ಲಿ ಮೂರು ದಿನ

ಪ್ರವಾಸಕ್ಕೆ ಹೋದವರು ದೇವಾಲಯ, ನದಿ, ಗಿರಿಶಿಖರಗಳ ವರ್ಣನೆಯನ್ನು ಬರೆದು ವಾಚಕರಿಗೆ ಒಪ್ಪಿಸುವುದು ವಾಡಿಕೆಯಾಗಿದೆ. ನಾವು 2025ನೆಯ ಇಸವಿಯ ಮೇ ತಿಂಗಳ ಮೊದಲ ವಾರದಲ್ಲಿ ಕಳಸದ ಸೀಮೆಗೆ ಹೋಗಿದ್ದೆವು. ಅಲ್ಲಿ ದೇವರ ದರ್ಶನವಾಯಿತು. ಭದ್ರೆಯ ತಣ್ಣೀರಿನಲ್ಲಿ ಸ್ನಾನವೂ ಆಯಿತು. ಆದರೆ ಆ ಮೂರು ದಿನಗಳಲ್ಲಿ ನಮ್ಮ ಚಿತ್ತವನ್ನು ಬಹಳವಾಗಿ ಸೆಳೆದುದು ಒಂದು ಕಾಫಿ ತೋಟದ ಕಣದಲ್ಲಿ ನಡೆದ ಪಿಕಪ್ ಗಾಡಿಯ ದುರಸ್ತಿ. ಕೇಳಿದೊಡನೆ ಕೆಲವರು ನಗಬಹುದು. ಜನ್ಮವಿಡೀ ಹುಡುಗರಿಂದ ಶಬ್ದರೂಪಗಳನ್ನು ಬಾಯಿಪಾಠ ಹೇಳಿಸಿದ ಮೇಷ್ಟರಿಗೂ ಬ್ಲೇಡು ಬೋಲ್ಟುಗಳಿಗೂ ಏನು ಸಂಬಂಧವೆಂದು ಕೇಳಬಹುದು. ಆ ಸಂಬಂಧ ಹೇಗೆ ಒದಗಿತೆಂಬುದನ್ನು ಮುಂದೆ ಹೇಳುವೆವು.

ನಮ್ಮ ಹಳೆಯ ಶಿಷ್ಯನೊಬ್ಬನಿಗೆ ಕಳಸದಿಂದ ಏಳು ಕಿಲೋಮೀಟರು ಒಳಗೆ ಕಾಫಿ, ಮೆಣಸು, ಅಡಕೆಗಳ ತೋಟವುಂಟು. ಅವನು ಫೋನಿನಲ್ಲಿ, “ಮಳೆ ಹಿಡಿಯುವ ಮೊದಲು ಒಮ್ಮೆ ಬನ್ನಿ ಮೇಷ್ಟ್ರೇ. ಅಮ್ಮ ಮನೆ ಬಿಟ್ಟು ಹೊರಡುವುದಿಲ್ಲವೆಂದು ಕೂತಿದ್ದಾರೆ. ನೀವು ಹೇಳಿದರೆ ಕೇಳಿಯಾರು” ಎಂದನು. ಆ ತಾಯಿಯ ಕೈಯೂಟವನ್ನು ನಾವು ಹಲವು ಸಲ ಉಂಡವರು. ಇಲ್ಲವೆನ್ನಲು ಬಾಯಿ ಬರಲಿಲ್ಲ.

ಚಿಕ್ಕಮಗಳೂರಿನಲ್ಲಿ ಬೆಳಗಿನ ಬಸ್ಸನ್ನು ಹತ್ತಿ, ಮೂಡಿಗೆರೆಯನ್ನು ದಾಟಿ, ಕೊಟ್ಟಿಗೆಹಾರಕ್ಕೆ ಬಂದೆವು. ಇಲ್ಲಿಯ ನೀರುದೋಸೆಯು ಪ್ರಯಾಣಿಕರಲ್ಲಿ ಹೆಸರಾದುದು; ಅದನ್ನು ತಿನ್ನದೆ ಮುಂದಕ್ಕೆ ಹೋದವರು ವಿರಳ. ಈ ಊರಿನ ನಿಲುವು ವಿಚಿತ್ರವಾಗಿದೆ. ಹತ್ತಿರದ ಜಾವಳಿಯಲ್ಲಿ ಹುಟ್ಟುವ ಹೇಮಾವತಿಯು ಪೂರ್ವಕ್ಕೆ ಹರಿದು ಕಾವೇರಿಯನ್ನು ಸೇರುವಳು. ಪಡುವಲ ಚಾರ್ಮಾಡಿ ಘಾಟಿಯಲ್ಲಿ ಇಳಿಯುವ ತೊರೆಗಳು ನೇತ್ರಾವತಿಯ ಪಾಲಾಗಿ ಪಶ್ಚಿಮ ಸಮುದ್ರವನ್ನು ಮುಟ್ಟುವುವು. ನಾವು ಹೋಗಲಿದ್ದ ಕಳಸದ ಭದ್ರೆಯೋ ಕೂಡಲಿಯಲ್ಲಿ ತುಂಗೆಯೊಡನೆ ಬೆರೆತು ಕೃಷ್ಣೆಯತ್ತ ಸಾಗುವಳು. ಒಂದೇ ಮುಗಿಲು ಸುರಿದ ನೀರು ಒಂದೆರಡು ಹರದಾರಿಗಳ ಅಂತರದಲ್ಲಿ ಮೂರು ದಾರಿ ಹಿಡಿಯುವುದು.

ಕೊಟ್ಟಿಗೆಹಾರದಿಂದ ಮುಂದೆ ರಸ್ತೆಯು ಕಿರಿದಾಗಿ, ತಿರುವಿನ ಮೇಲೆ ತಿರುವಾಗಿ, ಚಹದ ತೋಟಗಳ ನಡುವೆ, ಬಳಿಕ ಕಾಫಿಯ ನೆರಳಿನ ನಡುವೆ ಹೋಗುವುದು. 2019ನೆಯ ಇಸವಿಯ ಆಗಸ್ಟಿನ ಅತಿವೃಷ್ಟಿಯಲ್ಲಿ ಮೂಡಿಗೆರೆ ತಾಲ್ಲೂಕಿನ ಹಲವೆಡೆ ಗುಡ್ಡಗಳು ಜರಿದು ಮನೆಗದ್ದೆಗಳನ್ನು ನುಂಗಿದುವು. ಹೂಮಳೆ ಬಿದ್ದು ಹೂವರಳಿ ಮುಗಿದು, ಕಾಫಿಯ ಗಿಡಗಳಲ್ಲಿ ಎಳೆಯ ಕಾಯಿಗಳು ಕಾಳುಮೆಣಸಿನ ಗಾತ್ರಕ್ಕೆ ಬಂದಿದ್ದುವು. ಜೀರುಂಡೆಗಳ ಸದ್ದು ಬಸ್ಸಿನ ಸದ್ದನ್ನು ಮೀರಿಸುವಂತಿತ್ತು. ಮಧ್ಯಾಹ್ನದ ಹೊತ್ತಿಗೆ ಕಳಸವನ್ನು ತಲಪಿದೆವು.

ಶಿಷ್ಯನು ಪಿಕಪ್ಪಿನೊಡನೆ ಬಂದು ಕಾದಿದ್ದನು. ಎರಡು ಸಾಲು ಆಸನ, ಹಿಂದೆ ತೆರೆದ ತೊಟ್ಟಿ, ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಮುಟ್ಟುವ ಏರ್ಪಾಟು. ಮಲೆನಾಡಿನ ತೋಟದವರಿಗೆ ಬೇಕಾದ ಜಾತಿಯ ಗಾಡಿ ಅದು. ಕಳಸದಿಂದ ಎರಡು ಕಿಲೋಮೀಟರು ಡಾಂಬರು. ಮಿಕ್ಕ ಐದೂ ಮಣ್ಣು, ಕಲ್ಲು, ಬೇರು. ನಡುವೆ ಒಂದು ಹಳ್ಳ, ಅದರ ಮೇಲೆ ಕೈಪಿಡಿಯಿಲ್ಲದ ಮೋರಿ. ಆ ಐದು ಕಿಲೋಮೀಟರನ್ನು ಕ್ರಮಿಸಲು ಅರ್ಧ ಗಂಟೆ ಹಿಡಿಯಿತು. ಗಾಡಿಯ ಹಿಂಭಾಗವು ಎಡಕ್ಕೆ ಕುಸಿದಿತ್ತು. ಒಂದೊಂದು ಕಲ್ಲನ್ನು ಹತ್ತಿ ಇಳಿದಾಗಲೂ ಹಿಂದೆ ‘ಠಣ್’ ಎಂಬ ಸದ್ದು ಬರುತ್ತಿತ್ತು. ಇಳಿದ ಮೇಲೆ ಮೂರು ನಾಲ್ಕು ಬಾರಿ ತೂಗಾಡಿ ತೂಗಾಡಿ ನಿಲ್ಲುತ್ತಿತ್ತು. ಮನೆಯಂಗಳದಲ್ಲಿ ಇಳಿದಾಗ ನಮ್ಮ ಬೆನ್ನುಮೂಳೆಯ ಒಂದೊಂದು ಗಂಟೂ ತನ್ನ ಇರವನ್ನು ತಿಳಿಸುತ್ತಿತ್ತು.

ತಾಯಿಯವರು ಜಗಲಿಯಲ್ಲಿ ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದರು. ವಯಸ್ಸು ಎಪ್ಪತ್ತೆರಡು. ಪಕ್ಕದಲ್ಲಿ ಊರುಗೋಲು. ಕುಶಲಪ್ರಶ್ನೆಗಳಾದ ಮೇಲೆ ನಡೆದ ಸಂಗತಿಯನ್ನು ಅವರ ಬಾಯಿಂದಲೇ ಕೇಳಿದೆವು. 2024ರ ಜುಲೈ ತಿಂಗಳಿನಲ್ಲಿ, ಆಷಾಢದ ಮಳೆ ಹಗಲಿರುಳೂ ಹೊಯ್ಯುತ್ತಿದ್ದಾಗ, ಒಂದು ಸಂಜೆ ಹಿತ್ತಲ ಮೆಟ್ಟಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಪಿಕಪ್ಪಿನ ಹಿಂದಿನ ಆಸನದಲ್ಲಿ ಹಾಸಿಗೆ ಹಾಸಿ ಮಲಗಿಸಿಕೊಂಡು ಹೊರಟರು. ಹಳ್ಳದ ಮೋರಿಯ ಬಳಿ ಗಾಡಿಯ ಎಡಗಡೆಯ ಹಿಂದಿನ ಬ್ಲೇಡು ಮುರಿಯಿತು. ಚಕ್ರವು ಓರೆಯಾಗಿ ತೊಟ್ಟಿಯ ಅಡಿಗೆ ಉಜ್ಜಿತು, ಗಾಡಿ ನಿಂತಿತು. ಕತ್ತಲೆ, ಮಳೆ, ಏರುತ್ತಿರುವ ಹಳ್ಳ. ಫೋನಿಗೆ ಸಿಗ್ನಲ್ಲಿಲ್ಲ. ಎರಡು ಗಂಟೆಯ ಮೇಲೆ ಆಳುಗಳು ಬಂದು, ಕಂಬಳಿಗೆ ಗಳ ಕಟ್ಟಿ ಜೋಲಿ ಮಾಡಿ, ಡಾಂಬರು ರಸ್ತೆಯವರೆಗೆ ಹೊತ್ತುಕೊಂಡು ಹೋದರು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ಮೇಲೆ ಆಕೆ ಮನೆಯ ಗೇಟನ್ನು ದಾಟಿಲ್ಲ. ವೈದ್ಯರು ಮತ್ತೆ ತೋರಿಸಬೇಕೆಂದು ಹೇಳಿದ ದಿನವೂ ಮೀರಿಹೋಗಿತ್ತು.

“ಮೇಷ್ಟ್ರೇ, ನೋವನ್ನು ಸಹಿಸಿದೆ. ಆ ಎರಡು ಗಂಟೆಯನ್ನು ಮರೆಯಲಾರೆ. ಆ ಗಾಡಿಗೆ ನಾನು ಹತ್ತುವುದೆಂದರೆ ಹೆಣವಾದ ಮೇಲೆಯೇ” ಎಂದರು. ಅದನ್ನು ಕೇಳಿ ಮಗನು ಎದ್ದು ಒಳಕ್ಕೆ ಹೋದನು.

ಮುರಿದ ಬ್ಲೇಡಿಗೆ ಬದಲಾಗಿ ಅಂದೇ ಯಾವುದೋ ಹಳೆಯ ಗಾಡಿಯದನ್ನು ಸೇರಿಸಿ ಕೆಲಸ ಸಾಗಿಸುತ್ತಿದ್ದರು. ಈಗ ಹಿಂದಿನ ಎರಡೂ ಕಡೆ ಹೊಸ ಸೆಟ್ಟು ಹಾಕಿ ಗಾಡಿಯನ್ನು ಬಲಪಡಿಸಬೇಕೆಂಬುದು ಶಿಷ್ಯನ ಸಂಕಲ್ಪ. ಆ ಸಂಜೆ ಕೆಳಗಿನ ಊರಿನಿಂದ ಒಬ್ಬ ವೃದ್ಧ ಮೆಕ್ಯಾನಿಕ್ ಸಾಹೇಬರು ತಮ್ಮ ಜೀಪಿನಲ್ಲಿ ಬಂದಿಳಿದರು. ಮಂಗಳೂರಿನ ಅಂಗಡಿಯಿಂದ ಎರಡು ಬಗೆಯ ಸೆಟ್ಟುಗಳನ್ನು ತಂದಿದ್ದರು. ಬೇಡವಾದುದನ್ನು ಹಿಂದಿರುಗಿಸುವ ಮಾತಾಗಿತ್ತು. ಒಂದರಲ್ಲಿ ಹತ್ತು ಮಿಲಿಮೀಟರು ದಪ್ಪದ ಏಳು ಬ್ಲೇಡುಗಳು. ಇನ್ನೊಂದರಲ್ಲಿ ಎಂಟು ಮಿಲಿಮೀಟರಿನ ಐದು. ಅವುಗಳ ಕೆಳಗೆ ನೇರವಾದ, ದಪ್ಪವಾದ ಒಂದು ಸಹಾಯಕ ಬ್ಲೇಡು.

ಇಲ್ಲಿ ಬ್ಲೇಡೆಂದರೆ ಕ್ಷೌರದ ಬ್ಲೇಡೆಂದು ಗೃಹಿಣಿಯರು ತಿಳಿಯಬಾರದು. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಉದ್ದದ ಕ್ರಮದಲ್ಲಿ ಒಂದರ ಕೆಳಗೊಂದು ಜೋಡಿಸಿ ನಡುವೆ ಒಂದು ಬೋಲ್ಟಿನಿಂದ ಬಂಧಿಸಿದ ಕಟ್ಟು ಅದು. ಎಲ್ಲಕ್ಕೂ ಮೇಲಿನ ಉದ್ದನೆಯ ಬ್ಲೇಡಿನ ಎರಡು ತುದಿಗಳೂ ಬಳೆಯಂತೆ ಸುತ್ತಿಕೊಂಡಿರುವುವು. ಮುಂದಿನ ತುದಿಯು ಗಾಡಿಯ ಚೌಕಟ್ಟಿಗೆ ನೇರವಾಗಿಯೂ, ಹಿಂದಿನ ತುದಿಯು ಶಾಕಲ್ ಎಂಬ ತೂಗುಕೊಂಡಿಯ ಮೂಲಕವೂ ಸೇರಿರುವುವು. ಭಾರ ಬಿದ್ದಾಗ ಬಿಲ್ಲು ಚಪ್ಪಟೆಯಾಗಿ ಉದ್ದವಾಗುವುದಷ್ಟೆ. ಆ ಹೆಚ್ಚಿನ ಉದ್ದಕ್ಕೆ ಎಡೆಕೊಡುವುದೇ ಆ ಕೊಂಡಿಯ ಕೆಲಸ. ಕಟ್ಟಿನ ನಡುಭಾಗವನ್ನು ಅಚ್ಚಿಗೆ ಬಿಗಿಯುವುವು ಯು ಬೋಲ್ಟುಗಳು. ‘ಅಚ್ಚು’ ಎಂಬುದು ಸಂಸ್ಕೃತದ ‘ಅಕ್ಷ’ವೇ. ನೇಮಿ, ಅರ, ನಾಭಿ, ಅಕ್ಷ ಎಂದು ರಥದ ಅಂಗಗಳಿಗೆಲ್ಲ ನಮ್ಮ ಪೂರ್ವಿಕರು ಹೆಸರಿಟ್ಟರು. ನಮ್ಮ ಎತ್ತಿನ ಗಾಡಿಯಲ್ಲಿ ಅಚ್ಚಿನ ಮೇಲೆ ನೇರವಾಗಿ ಮರವೇ ಕೂರುವುದು; ಕಲ್ಲಿನ ಏಟು ಕುಳಿತವನಿಗೆ ಹಾಗೆಯೇ ತಾಕುವುದು. ಇಂಗ್ಲೆಂಡಿನಲ್ಲಿ ಒಬಡಾಯ ಎಲಿಯಟ್ ಎಂಬುವನು 1804ರಲ್ಲಿ ಕುದುರೆ ಸಾರೋಟುಗಳಿಗೆ ಈ ಬಗೆಯ ಬಿಲ್ಲುಕಟ್ಟನ್ನು ಜೋಡಿಸುವ ಕ್ರಮಕ್ಕೆ ಪೇಟೆಂಟು ಪಡೆದನು. ಎರಡನೆಯ ಮಹಾಯುದ್ಧದ ಜೀಪುಗಳಿಗೆ ನಾಲ್ಕು ಕಡೆಯೂ ಇದೇ ಇತ್ತು. ಇಂದಿಗೂ ಭಾರ ಹೊರುವ ಗಾಡಿಗಳಲ್ಲಿ ಇದಕ್ಕೇ ಮನ್ನಣೆ. ಏಕೆಂದರೆ ಇದು ಭಾರವನ್ನೂ ಹೊರುವುದು, ಅಚ್ಚನ್ನು ಅದರ ಸ್ಥಾನದಲ್ಲಿಯೂ ಹಿಡಿದಿಡುವುದು.

ಯಾವ ಸೆಟ್ಟನ್ನು ಹಾಕಬೇಕೆಂಬುದರಲ್ಲಿ ಆ ರಾತ್ರಿ ಚರ್ಚೆ ನಡೆಯಿತು. ಶಿಷ್ಯನು, “ಏಳು ಬ್ಲೇಡಿನದೇ ಆಗಲಿ. ಇನ್ನು ಮುರಿಯುವ ಮಾತೇ ಇರಬಾರದು. ಕೊಯ್ಲಿನ ಕಾಲದಲ್ಲಿ ಆಳು ಸಿಗುವುದಿಲ್ಲ. ಎರಡು ಸಲ ಓಡಾಡಿದರೆ ಡೀಸೆಲ್ಲೂ ಹೊತ್ತೂ ಎರಡರಷ್ಟು. ಒಂದೇ ಸಲಕ್ಕೆ ಹೇರಿಬಿಡಬಹುದು” ಎಂದನು. ಆ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ತೋಟದವರ ಕಷ್ಟ ಪೇಟೆಯವರಿಗೆ ತಿಳಿಯದು. ಸಾಹೇಬರು ಕಾಫಿಯ ಲೋಟವನ್ನು ಕೆಳಗಿಟ್ಟು, “ಭಟ್ರೇ, ಅದನ್ನು ಹಾಕಿದರೆ ಮೂಟೆಗೆ ಸುಖ. ಖಾಲಿ ಗಾಡಿಯಲ್ಲಿ ಅಮ್ಮ ಕೂತರೆ ಕಲ್ಲಿನ ಮೇಲೆ ಕೂತ ಹಾಗೆ” ಎಂದರು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬ ಗಾದೆಯಂತಾಯಿತು. ಭಾರಕ್ಕೆ ಬಿಗುಪು ಬೇಕು, ರೋಗಿಗೆ ಮೃದುತ್ವ ಬೇಕು, ಗಾಡಿಯೋ ಒಂದೇ.

ನಾವು ಕಾಗದದ ಮೇಲೆ ಸ್ವಲ್ಪ ಲೆಕ್ಕ ಮಾಡಿ ನೋಡಿದೆವು. ಉಕ್ಕು ಮೊದಲಾದ ವಸ್ತುಗಳು ತಮ್ಮ ಮಿತಿಯೊಳಗೆ ಭಾರಕ್ಕೆ ತಕ್ಕಷ್ಟೇ ಮಣಿಯುವುವೆಂಬ ನಿಯಮವನ್ನು ರಾಬರ್ಟ್ ಹುಕ್ ಎಂಬ ವಿಜ್ಞಾನಿಯು 1678ರಲ್ಲಿ ಪ್ರಕಟಿಸಿದನು. ಬ್ಲೇಡಿನ ಬಿಗುಪು ಬ್ಲೇಡುಗಳ ಸಂಖ್ಯೆಗೆ ಅನುಗುಣವಾಗಿ ಏರುವುದು. ಆದರೆ ದಪ್ಪದ ವಿಷಯದಲ್ಲಿ ಮಾತ್ರ ದಪ್ಪದ ಘನಕ್ಕೆ ಅನುಗುಣವಾಗಿ ಏರುವುದು. ಎಂಟರ ಘನ 512. ಹತ್ತರ ಘನ 1000. ಅಂದಮೇಲೆ ಎರಡೇ ಮಿಲಿಮೀಟರು ದಪ್ಪ ಹೆಚ್ಚಿದರೆ ಒಂದೊಂದು ಬ್ಲೇಡೂ ಸರಿಸುಮಾರು ಇಮ್ಮಡಿ ಬಿಗಿ. ಅಂಥವು ಏಳಾದರೆ ಐದರ ಸೆಟ್ಟಿಗಿಂತ ಎರಡೂವರೆ ಪಾಲಿಗೂ ಮಿಗಿಲು ಬಿಗುಪು. ಲೆಕ್ಕವನ್ನು ತೋರಿಸಿದಾಗ ಶಿಷ್ಯನು ಸುಮ್ಮನಾದನು. ಒಪ್ಪಿದನೆಂದು ಮಾತ್ರ ಹೇಳಲಾರೆವು. ಸಾಹೇಬರು ತುಕ್ಕು ಹಿಡಿದ ನಟ್ಟುಗಳಿಗೆಲ್ಲ ಎಣ್ಣೆ ಬಿಟ್ಟು, “ರಾತ್ರಿಯೆಲ್ಲ ಕುಡಿಯಲಿ” ಎಂದು ಮಲಗಲು ಹೋದರು.

ಮರುದಿನ ಬೆಳಗ್ಗೆ ಕಡುಬನ್ನು ತಿಂದು ಕಣಕ್ಕೆ ಇಳಿದೆವು. ಕಾಫಿ ಒಣಗಿಸುವ ಕಣವು ಸಿಮೆಂಟಿನದು, ಗಟ್ಟಿ, ಸಮತಟ್ಟು. ಇಂಥ ಕೆಲಸವನ್ನು ಮಣ್ಣಿನ ನೆಲದಲ್ಲಿ ಮಾಡಬಾರದೆಂದು ಸಾಹೇಬರ ಮೊದಲ ಪಾಠ. ಎರಡನೆಯದಾಗಿ, ಮುಂದಿನ ಎರಡು ಚಕ್ರಗಳಿಗೂ ಹಿಂದೆ ಮುಂದೆ ಅಡ್ಡಗಲ್ಲು ಕೊಟ್ಟರು. ಈ ಗಾಡಿಯ ಹ್ಯಾಂಡ್ ಬ್ರೇಕು ಹಿಂದಿನ ಚಕ್ರಗಳನ್ನೇ ಹಿಡಿಯುವುದು. ಹಿಂದನ್ನು ಎತ್ತಿದ ಮೇಲೆ ಅದನ್ನು ನಂಬುವಂತಿಲ್ಲ. ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಜಾಕಿಯಿಂದ ಎತ್ತಿ, ಚೌಕಟ್ಟಿನ ಎರಡು ಪಕ್ಕಕ್ಕೂ ಕಬ್ಬಿಣದ ಸ್ಟ್ಯಾಂಡುಗಳನ್ನು ಕೊಟ್ಟು ಗಾಡಿಯನ್ನು ಅವುಗಳ ಮೇಲೆ ಕೂರಿಸಿದರು. ಶಿಷ್ಯನು, “ಇಷ್ಟೆಲ್ಲ ಏಕೆ ಸಾಹೇಬ್ರೇ? ಜಾಕಿ ಹೊಸದು, ಸಾಕು” ಎಂದನು. ಅವರು ಉತ್ತರ ಕೊಡದೆ ಇನ್ನೊಂದು ಜಾಕಿಯನ್ನು ಅಚ್ಚಿನ ಕೆಳಗೆ ಇಟ್ಟರು.

ಒಂದು ಕಡೆಯದು ಪೂರ್ತಿ ಮುಗಿದ ಮೇಲೆಯೇ ಇನ್ನೊಂದು ಕಡೆಯದನ್ನು ಬಿಚ್ಚಬೇಕು; ಎರಡನ್ನೂ ಒಮ್ಮೆಗೇ ಬಿಚ್ಚಿದರೆ ಅಚ್ಚು ಸರಿದು ಹೋಗುವುದು. ಮೊದಲು ಬಲಗಡೆ. ಶಾಕ್ ಅಬ್ಸಾರ್ಬರ್ ಎಂಬ ಎಣ್ಣೆತುಂಬಿದ ಕೊಳವೆಯನ್ನು ಬಿಚ್ಚಿದರು. ಬ್ಲೇಡು ಭಾರವನ್ನು ಹೊತ್ತರೂ ಒಮ್ಮೆ ಅಲುಗಿದ ಮೇಲೆ ತಾನಾಗಿ ಬೇಗ ನಿಲ್ಲಲಾರದು. ಆ ಅಲುಗಾಟವನ್ನು ನುಂಗಿ, ಎಣ್ಣೆಯನ್ನು ಸಣ್ಣ ರಂಧ್ರಗಳಲ್ಲಿ ಹಾಯಿಸಿ, ಶಾಖವಾಗಿ ಮಾರ್ಪಡಿಸಿ ಕಳೆಯುವುದು ಈ ಕೊಳವೆ. ಹಳೆಯದರ ಎಣ್ಣೆ ಸೋರಿ ಮೈಯೆಲ್ಲ ಧೂಳು ಮೆತ್ತಿತ್ತು. ಹಿಂದಿನ ದಿನ ಗಾಡಿ ತೂಗಾಡಿದುದೇಕೆಂಬುದು ತಿಳಿಯಿತು. ಬಳಿಕ ಯು ಬೋಲ್ಟುಗಳು, ಮುಂದಿನ ಬೋಲ್ಟು, ಹಿಂದಿನ ಶಾಕಲ್ಲು. ಕಟ್ಟು ಕೆಳಗೆ ಬಂದಿತು.

ಸಾಹೇಬರು ಒಂದೊಂದು ಬ್ಲೇಡನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದರು. ಎರಡನೆಯ ಬ್ಲೇಡಿನ ನಡುವೆ, ಬೋಲ್ಟಿನ ತೂತಿನಿಂದ ಅಂಚಿನವರೆಗೆ, ಕೂದಲೆಳೆಯಂಥ ಒಂದು ಗೆರೆ. ಉಗುರಿಗೆ ತಾಕುತ್ತಿತ್ತು. “ಈ ಮಳೆಗೆ ಇದೂ ಹೋಗುತ್ತಿತ್ತು” ಎಂದರು. ಆಮೇಲೆ, ಹಿಂದಿನ ವರ್ಷ ಮುರಿದ ತುಂಡು ಎಲ್ಲಿದೆಯೆಂದು ಕೇಳಿದರು. ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದುದನ್ನು ಆಳು ತಂದುಕೊಟ್ಟನು. ಮುರಿದ ಮುಖಕ್ಕೆ ತುಕ್ಕು ಬಂದಿದ್ದರೂ ಅದರ ಎರಡು ಭಾಗಗಳ ಭೇದ ಕಾಣುತ್ತಿತ್ತು. ಒಂದು ಭಾಗ ನುಣುಪಾಗಿ ಕರಿಗಟ್ಟಿತ್ತು. ಮಿಕ್ಕುದು ಸಕ್ಕರೆಯ ಹರಳಿನಂತೆ ಒರಟಾಗಿತ್ತು.

“ಭಟ್ರೇ, ನೋಡಿ. ಈ ನುಣುಪು ಇರುವುದು ಹಳೆಯ ಗಾಯ. ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಾಯಿ ಬಿಟ್ಟಿದೆ. ಒರಟು ಇರುವುದಷ್ಟೇ ಆ ರಾತ್ರಿ ಮುರಿದದ್ದು. ಹೋದ ಕೊಯ್ಲಿನಲ್ಲಿ ಎಷ್ಟು ಹೇರುತ್ತಿದ್ದಿರಿ?”

ಶಿಷ್ಯನು ತಡೆದು, “ಮೂವತ್ತನಾಲ್ಕು ಮೂಟೆ” ಎಂದನು. ಮೂಟೆಗೆ 50 ಕಿಲೋಗ್ರಾಮಿನಂತೆ 1700. ಗಾಡಿಯ ದಾಖಲೆಯ ಪ್ರಕಾರ ಅದು ಹೊರಬಹುದಾದುದು 1000.

ಪಂಚತಂತ್ರದ ಆದಿಯಲ್ಲಿ ಸಂಜೀವಕನೆಂಬ ಎತ್ತು ಭಾರದ ಗಾಡಿಯನ್ನೆಳೆದು ಯಮುನೆಯ ತೀರದ ಕೆಸರಿನಲ್ಲಿ ಕಾಲು ಮುರಿದುಕೊಂಡು ಬೀಳುವುದು. ವರ್ತಕನು ಅದನ್ನು ಅಲ್ಲಿಯೇ ಬಿಟ್ಟು ಮುಂದೆ ಹೋಗುವನು. ಈ ಕಥೆಯನ್ನು ಮೂವತ್ತು ವರ್ಷಗಳ ಹಿಂದೆ ಇದೇ ಶಿಷ್ಯನಿಗೆ ನಾವೇ ಪಾಠ ಹೇಳಿದ್ದೆವು. ಅದನ್ನು ಈಗ ನೆನಪಿಸಬೇಕೆಂದು ನಾಲಗೆಯ ತುದಿಗೆ ಬಂದಿತ್ತು. ಅವನ ಮುಖವನ್ನು ನೋಡಿ ನುಂಗಿಕೊಂಡೆವು. ಆ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಅವನು ಬಹಳ ಹೊತ್ತು ನಿಂತಿದ್ದನು. ಬಳಿಕ, “ಸಾಹೇಬ್ರೇ, ಐದರದ್ದೇ ಹಾಕಿ” ಎಂದು ಮಾತ್ರ ಹೇಳಿದನು.

ಅಷ್ಟರಲ್ಲಿ ಊಟದ ಕರೆ ಬಂದಿತು. ಹಲಸಿನಕಾಯಿಯ ಹುಳಿ, ಅಪ್ಪೆಮಿಡಿಯ ಉಪ್ಪಿನಕಾಯಿ, ಮಜ್ಜಿಗೆ. ಉಂಡು, ಅಡಕೆ ಹಾಕಿಕೊಂಡು ಹಿಂದಿರುಗಿ ನೋಡಿದರೆ, ಗಾಡಿಯನ್ನೆತ್ತಿ ಸ್ಟ್ಯಾಂಡಿನ ಪಕ್ಕದಲ್ಲಿಯೇ ಬಿಟ್ಟಿದ್ದ ಹೊಸ ಜಾಕಿಯ ಬುಡದಲ್ಲಿ ಎಣ್ಣೆ ಮಡುಗಟ್ಟಿತ್ತು. ಒಳಗಿನ ಯಾವುದೋ ವಾಷರು ಸೋತು, ಅದರ ತಲೆ ನಾಲ್ಕು ಬೆರಳಿನಷ್ಟು ಇಳಿದುಹೋಗಿತ್ತು. ಸ್ಟ್ಯಾಂಡುಗಳ ಮೇಲೆ ಗಾಡಿ ಕದಲದೆ ನಿಂತಿತ್ತು. ಊಟಕ್ಕೆ ಮುಂಚೆ ಶಿಷ್ಯನು ಅದರ ಅಡಿಯಲ್ಲಿಯೇ ಅಂಗಾತ ಮಲಗಿ ಬೋಲ್ಟು ಒರಸುತ್ತಿದ್ದನು. ಸಾಹೇಬರು ಜಾಕಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, “ನನ್ನ ಜೊತೆಗಾರನೊಬ್ಬ ಹೀಗೆಯೇ ಹೋದ. ಜಾಕಿ ಎತ್ತುವುದಕ್ಕೆ, ಹೊರುವುದಕ್ಕಲ್ಲ” ಎಂದರು. ಯಾರೂ ಮಾತನಾಡಲಿಲ್ಲ. ಮನೆಯಲ್ಲಿ ತಾವಾಗಿಯೇ ಗಾಡಿಯ ಕೆಲಸಕ್ಕೆ ಕೈಹಾಕುವ ಗೃಹಸ್ಥರು ಈ ಲೇಖನದಲ್ಲಿ ಬೇರೇನನ್ನು ಮರೆತರೂ ಈ ಒಂದು ಮಾತನ್ನು ಮರೆಯದಿರಲಿ.

ಹೊಸ ಕಟ್ಟನ್ನು ಏರಿಸುವಾಗ ಗಮನಿಸಬೇಕಾದ ಸಂಗತಿಗಳು ಕೆಲವುಂಟು. ಕಟ್ಟಿನ ನಡುವಿನ ಬೋಲ್ಟಿನ ತಲೆಯು ಅಚ್ಚಿನ ಮೇಲಿರುವ ಗುಳಿಯಲ್ಲಿ ಸರಿಯಾಗಿ ಕೂರಬೇಕು. ಇಲ್ಲವಾದರೆ ಅಚ್ಚು ಓರೆಯಾಗಿ ಗಾಡಿಯು ಏಡಿಯಂತೆ ನಡೆಯುವುದು. ಹಳೆಯ ಯು ಬೋಲ್ಟುಗಳು ಒಮ್ಮೆ ಜಗ್ಗಿ ನೀಳಿದವು; ಅವನ್ನು ಮತ್ತೆ ಬಳಸಬಾರದು. ಹೊಸವನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ, ಅಳತೆಯ ಸ್ಪ್ಯಾನರಿನಿಂದ ಸಮನಾಗಿ ಬಿಗಿಯಬೇಕು. ರಬ್ಬರಿನ ಬುಷ್ಷುಗಳಿರುವ ತುದಿಯ ಬೋಲ್ಟುಗಳನ್ನಾದರೋ ಗಾಡಿಯು ತನ್ನ ಕಾಲಮೇಲೆ ನಿಂತ ಬಳಿಕವೇ ಪೂರ್ತಿ ಬಿಗಿಯಬೇಕು. ಎತ್ತಿದ್ದಾಗಲೇ ಬಿಗಿದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುವುದು. ಶಾಕ್ ಅಬ್ಸಾರ್ಬರುಗಳನ್ನು ಎರಡು ಕಡೆಯೂ ಜೊತೆಯಾಗಿ ಹೊಸದು ಮಾಡಬೇಕು. ಹಿಂಭಾಗವು ಎತ್ತರವಾದುದರಿಂದ ಬ್ರೇಕಿನ ಕೊಳವೆ ಜಗ್ಗುವುದೋ ಎಂದು ನೋಡಬೇಕು. ದೀಪಗಳ ಬೆಳಕು ನೆಲಕ್ಕೆ ಬಾಗುವುದನ್ನೂ ಸರಿಪಡಿಸಬೇಕು.

ಇನ್ನೊಂದು ಸಂಗತಿ ನಮಗೆ ಹೊಸದಾಗಿತ್ತು. ಇಂಥ ಅನೇಕ ಗಾಡಿಗಳಲ್ಲಿ ಅಚ್ಚಿಗೂ ಚೌಕಟ್ಟಿಗೂ ನಡುವೆ ಒಂದು ಸಣ್ಣ ಸರಳಿರುವುದು. ಭಾರ ಬಿದ್ದು ಚೌಕಟ್ಟು ಇಳಿದರೆ ಅದು ಹಿಂದಿನ ಬ್ರೇಕಿಗೆ ಹೆಚ್ಚು ಬಲವನ್ನು ಕೊಡುವುದು. ಖಾಲಿಯಾಗಿ ಮೇಲೆದ್ದರೆ ಕಡಮೆ ಮಾಡುವುದು. ಬ್ಲೇಡು ಎತ್ತರವಾದರೆ ಅದು ಮೋಸಹೋಗಿ, ಭಾರವಿರುವಾಗಲೂ ಖಾಲಿಯೆಂದು ಬಗೆದು ಬ್ರೇಕನ್ನು ಕುಗ್ಗಿಸುವುದು. ಸಾಹೇಬರು ತಯಾರಕರ ಅಳತೆಯಂತೆ ಆ ಸರಳನ್ನು ಹೊಂದಿಸಿದರು. ಗಾಡಿಯ ನೋಂದಣಿಯಲ್ಲಿ ಕಾಣಿಸಿದ ವಿವರಗಳಿಗೆ ವಿರೋಧವಾಗಿ ಅದನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ ಹೇಳುವುದು. ಬ್ಲೇಡು ಬಲವಾದ ಮಾತ್ರಕ್ಕೆ ಗಾಡಿ ಹೊರಬಹುದಾದ ಭಾರ ಏರದು. ಅಚ್ಚು, ಟಯರು, ಬ್ರೇಕುಗಳು ಮೊದಲಿದ್ದವೇ ಅಲ್ಲವೆ?

ಸಂಜೆಯ ಹೊತ್ತಿಗೆ ಎರಡು ಕಡೆಯೂ ಮುಗಿಯಿತು. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಮೊದಲು ಎಡಗಡೆ 47, ಬಲಗಡೆ 49 ಸೆಂಟಿಮೀಟರು ಇದ್ದಿತು. ಈಗ ಎರಡು ಕಡೆಯೂ 52. ಗೊಬ್ಬರದ ಮೂಟೆಗಳು ಮನೆಯಲ್ಲಿಯೇ ಇದ್ದುವು. ಒಂದೊಂದು 50 ಕಿಲೋಗ್ರಾಮಿನವು. ಐದನ್ನು ಹಿಂಚಕ್ರಗಳ ನೇರಕ್ಕೆ ಇಟ್ಟಾಗ ಐದೂವರೆ ಸೆಂಟಿಮೀಟರು ಇಳಿಯಿತು. ಇನ್ನೂ ಐದನ್ನು ಇಟ್ಟಾಗ ಮೂರೇ ಇಳಿಯಿತು. ಮೊದಲ ಭಾರಕ್ಕೆ ಮೇಲಿನ ಐದು ಬ್ಲೇಡುಗಳು ಮಾತ್ರ ಮಣಿದು, ಚಪ್ಪಟೆಯಾಗುತ್ತ ಬಂದು ಕೆಳಗಿನ ಸಹಾಯಕ ಬ್ಲೇಡನ್ನು ಮುಟ್ಟಿದೊಡನೆ ಅದೂ ಹೆಗಲು ಕೊಟ್ಟಿತೆಂಬುದು ಕಣ್ಣಿಗೆ ಕಂಡಿತು. ಹಗುರಾಗಿರುವಾಗ ಮೃದು, ಭಾರವಾದಾಗ ಬಿಗಿ. ಅವಿಭಕ್ತ ಕುಟುಂಬದಲ್ಲಿ ನಿತ್ಯದ ಕೆಲಸಕ್ಕೆ ತಲೆಹಾಕದೆ, ಮದುವೆ ಮುಂಜಿಗಳಲ್ಲಿ ಬಂದು ನಿಲ್ಲುವ ದೊಡ್ಡಪ್ಪನಿದ್ದಂತೆ ಆ ಕೆಳಗಿನ ಬ್ಲೇಡು.

ತಾಯಿಯವರು ದಿನವಿಡೀ ಜಗಲಿಯಿಂದ ಇದನ್ನೆಲ್ಲ ನೋಡುತ್ತಿದ್ದರು. ದೀಪ ಹಚ್ಚುವ ಹೊತ್ತಿನಲ್ಲಿ ಮಗನು ಕೈತೊಳೆದು ಬಂದು ಅವರ ಕಾಲಬಳಿ ಮೆಟ್ಟಲಮೇಲೆ ಕುಳಿತನು. ನಾವು ಎದ್ದು ಹೋಗಬೇಕೆಂದಿದ್ದೆವು, ಅವನೇ ಬೇಡವೆಂದನು.

“ಅಮ್ಮಾ, ಆ ರಾತ್ರಿ ಬ್ಲೇಡು ಮುರಿದದ್ದು ಹಳ್ಳದ ಕಲ್ಲಿನಿಂದಲ್ಲ. ಕೊಯ್ಲಿನಲ್ಲಿ ನಾನು ಹೇರಿದ ಮೂಟೆಯಿಂದ. ಸಾಹೇಬರು ತೋರಿಸಿದರು.”

ತಾಯಿಯವರು ಸ್ವಲ್ಪ ಹೊತ್ತು ಏನನ್ನೂ ಹೇಳಲಿಲ್ಲ. ಆಮೇಲೆ, “ಇನ್ನು ಮೇಲೆ ಎಷ್ಟು ಹೇರುತ್ತೀಯ?” ಎಂದು ಕೇಳಿದರು.

“ಇಪ್ಪತ್ತು. ಅದಕ್ಕೆ ಮೇಲಿಲ್ಲ. ಎರಡು ಸಲ ಹೋಗಿ ಬರುತ್ತೇನೆ.”

“ಸರಿ. ನಾಳೆ ಮೇಷ್ಟ್ರು ಮೊದಲು ಕೂತು ನೋಡಲಿ” ಎಂದರು.

ಮೂರನೆಯ ದಿನ ಬೆಳಗ್ಗೆ ನಾವು ಹಿಂದಿನ ಆಸನದಲ್ಲಿ ಕುಳಿತು ಹಳ್ಳದವರೆಗೆ ಹೋಗಿ ಬಂದೆವು. ‘ಠಣ್’ ಎಂಬ ಸದ್ದು ಹೋಗಿತ್ತು. ಗುಂಡಿಗೆ ಇಳಿದ ಗಾಡಿಯು ಒಮ್ಮೆ ಎದ್ದು ಒಮ್ಮೆ ಕುಳಿತು ಸುಮ್ಮನಾಗುತ್ತಿತ್ತು. ಶಿಷ್ಯನು ಉತ್ಸಾಹದಿಂದ ವೇಗವನ್ನು ಹೆಚ್ಚಿಸಿದಾಗ ಮಾತ್ರ ಮೊದಲಿನ ಕುಲುಕಾಟದ ಒಂದು ಪಾಲು ಹಿಂದಿರುಗಿತು. ಶಾಕುಂತಲದ ಮೊದಲನೆಯ ಅಂಕದಲ್ಲಿ, ನೆಲವು ಉಬ್ಬುತಗ್ಗಾಗಿದ್ದುದರಿಂದ ಲಗಾಮನ್ನು ಬಿಗಿಹಿಡಿದು ರಥದ ವೇಗವನ್ನು ತಗ್ಗಿಸಿದೆನೆಂದು ದುಷ್ಯಂತನ ಸಾರಥಿ ಹೇಳುವನು. ಕಾಳಿದಾಸನ ಸಾರಥಿಗೆ ಬ್ಲೇಡಿನ ಸೆಟ್ಟು ಇರಲಿಲ್ಲ, ವಿವೇಕವಿತ್ತು. ಈ ಮಾತನ್ನು ಮಾತ್ರ ನಾವು ನುಂಗಿಕೊಳ್ಳದೆ ಹೇಳಿಯೇಬಿಟ್ಟೆವು. ಶಿಷ್ಯನು ನಕ್ಕು ನಿಧಾನ ಮಾಡಿದನು.

ತಾಯಿಯವರು ಮುಂದಿನ ಆಸನದಲ್ಲಿ, ಬೆನ್ನಿಗೆ ದಿಂಬು ಕೊಟ್ಟುಕೊಂಡು ಕುಳಿತರು. ಕೈಯಲ್ಲಿ ಊರುಗೋಲು ಗಟ್ಟಿಯಾಗಿ ಹಿಡಿದಿತ್ತು. ಮೋರಿಯ ಬಳಿಗೆ ಬಂದಾಗ, “ನಿಲ್ಲಿಸು” ಎಂದರು. ಗಾಡಿ ನಿಂತಿತು. ಬೇಸಗೆಯ ಹಳ್ಳದಲ್ಲಿ ಮೊಣಕಾಲಿನಷ್ಟು ನೀರು, ಸದ್ದಿಲ್ಲದೆ ಹರಿಯುತ್ತಿತ್ತು. ಅವರು ಆ ಜಾಗವನ್ನು ಕಿಟಕಿಯಿಂದ ಬಹಳ ಹೊತ್ತು ನೋಡಿದರು. “ಇಷ್ಟೇ ಇದೆಯಲ್ಲ ಈ ಹಳ್ಳ! ಆ ದಿನ ಸಮುದ್ರದಂತೆ ಕೇಳುತ್ತಿತ್ತು. ಹೋಗೋಣ” ಎಂದರು.

ಕಳಸದಲ್ಲಿ ಅವರ ಅಳಿಯಂದಿರು ಕಾರನ್ನು ತಂದಿದ್ದರು. ಘಟ್ಟದ ಕೆಳಗಿನ ಆಸ್ಪತ್ರೆಗೆ ಅಲ್ಲಿಂದ ಡಾಂಬರು ರಸ್ತೆಯ ಪ್ರಯಾಣ. ಹೊರಡುವ ಮೊದಲು ತಾಯಿಯವರು ಕಲಶೇಶ್ವರನ ದೇವಾಲಯದ ಮೆಟ್ಟಲುಗಳ ಬುಡದಲ್ಲಿಯೇ ನಿಂತು ಕೈಮುಗಿದರು. ನಾವು ಮೇಲೆ ಹೋಗಿ ಪ್ರಸಾದವನ್ನು ತಂದುಕೊಟ್ಟೆವು.

ಅವರನ್ನು ಬೀಳ್ಕೊಟ್ಟ ಮೇಲೆ ಶಿಷ್ಯನು ನಮ್ಮನ್ನು ಭದ್ರೆಯ ದಡದ ಅಂಬಾತೀರ್ಥಕ್ಕೆ ಕರೆದೊಯ್ದನು. ಕಳಸದ ಪಂಚತೀರ್ಥಗಳಲ್ಲಿ ಅದೊಂದು. ಅಲ್ಲಿ ಬಂಡೆಗಳ ನಡುವೆ ಚೌಕವಾದ ಒಂದು ಹಿರಿಯ ಕಲ್ಲಿದೆ. ಶ್ರೀಮಧ್ವಾಚಾರ್ಯರು ಅದನ್ನು ಒಂದೇ ಕೈಯಿಂದ ತಂದಿಟ್ಟರೆಂದು ಕಲ್ಲಿನ ಮೇಲಿನ ಸಂಸ್ಕೃತ ಶಾಸನವು ಹೇಳುವುದು. ಅದನ್ನು ಓದಿ ಅರ್ಥ ಹೇಳಿ, “ಆಚಾರ್ಯರಿಗೆ ಸಂದ ಭಾರ ಎಲ್ಲರಿಗೂ ಸಲ್ಲದಪ್ಪಾ” ಎಂದೆವು. “ತಿಳಿಯಿತು ಮೇಷ್ಟ್ರೇ, ಇಪ್ಪತ್ತೇ ಮೂಟೆ” ಎಂದನು. ನದಿಯಲ್ಲಿ ಮುಳುಗೆದ್ದು ಸಂಜೆಯ ಬಸ್ಸನ್ನು ಹಿಡಿದೆವು.

ಆ ವರ್ಷ ಮುಂಗಾರು ಬೇಗ ಬಂದಿತು. ಮೇ 24ಕ್ಕೇ ಕೇರಳವನ್ನು ಮುಟ್ಟಿ, ಒಂದೆರಡು ದಿನಗಳಲ್ಲಿ ನಮ್ಮ ಮಲೆಗಳಿಗೂ ಇಳಿಯಿತು. ಜೂನ್ ಮೊದಲಲ್ಲಿ ಶಿಷ್ಯನ ಫೋನು ಬಂದಿತು. ಮೂಳೆ ಚೆನ್ನಾಗಿ ಕೂಡಿದೆಯೆಂದು ವೈದ್ಯರು ಹೇಳಿದರಂತೆ. ಐನೂರು ಕಿಲೋಮೀಟರು ಓಡಿದ ಮೇಲೆ ಸಾಹೇಬರ ಮಾತಿನಂತೆ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದನಂತೆ. “ಅಮ್ಮ ಎಲ್ಲಿ?” ಎಂದು ಕೇಳಿದೆವು. “ಹೊರನಾಡಿಗೆ ಹೋಗಬೇಕೆಂದು ಹಟ ಹಿಡಿದಿದ್ದಾರೆ. ಹೆಬ್ಬಾಳೆಯ ಸೇತುವೆಯ ಮೇಲೆ ನೀರು ಬಂದರೆ ದಾಟುವಂತಿಲ್ಲ, ಮಳೆ ಹೊಳವಾಗಲಿ ಎಂದರೆ ಕೇಳುವುದಿಲ್ಲ. ನೀವೇ ಸ್ವಲ್ಪ ಹೇಳಿ ಮೇಷ್ಟ್ರೇ” ಎಂದನು.

ಮನೆ ಬಿಟ್ಟು ಹೊರಡಲೊಲ್ಲರೆಂಬ ದೂರು ಹೋಗಿ, ಮನೆಯಲ್ಲಿ ನಿಲ್ಲಲೊಲ್ಲರೆಂಬ ದೂರು ಬಂದಿತ್ತು. ಈ ಎರಡನೆಯದಕ್ಕೆ ನಾವು ಯಾವ ಬುದ್ಧಿವಾದವನ್ನೂ ಹೇಳಲು ಹೋಗಲಿಲ್ಲ.